ಆಟದ ಮಾಡ್‌ಗೆ ಜಾಹೀರಾತಿನ ಕೂಲಿ: ಸರಿಯೇ, ತಪ್ಪೇ?

ಇಂಡೋನೇಷ್ಯಾದ ಮಾಲಿಯೊ ಕಂಪನಿಯ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ 2017ರಲ್ಲಿ ಬಂದ ಮೊಬೈಲ್ ಆಟ. ಹೊರಗಿನವರು ಮಾಡಿದ ವಾಹನಗಳನ್ನೂ ಅದರೊಳಗೆ ಸೇರಿಸಿಕೊಂಡು ಓಡಿಸಬಹುದು. ಹಾಗೆ ಸೇರಿದವುಗಳಲ್ಲಿ ನಮ್ಮ ಐರಾವತ, ರಾಜಹಂಸ, ಸಾದಾ ಕೆಂಪು ಬಸ್ಸುಗಳೂ ಇವೆ. ಇವನ್ನು ಮಾಡಿದವರು ಯಾವ ಕಂಪನಿಯ ನೌಕರರೂ ಅಲ್ಲ. ಓದು, ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಆಸೆಯಿಂದ ಮಾಡಿದವರು. ಇಂಥ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. ಕಂಪ್ಯೂಟರ್ ಆಟಗಳಲ್ಲಿ ನೂರಾರು ಮಾಡ್‌ಗಳನ್ನು ಇಳಿಸಿ, ಜೋಡಿಸಿ, ಹೊಸ ಆವೃತ್ತಿ ಬಂದಾಗ ಬದಲಿಸಿಕೊಡಲು ಮಾಡ್ ಮ್ಯಾನೇಜರ್ ಎಂಬ ತಂತ್ರಾಂಶಗಳಿವೆ. ಅವುಗಳಲ್ಲಿ ಕೆಲವು ಜಾಹೀರಾತು ತೋರಿಸಿ, ಬಂದ ಹಣದ ಒಂದು ಪಾಲನ್ನು ಮಾಡ್ ಮಾಡಿದವರಿಗೆ ಹಂಚುತ್ತವೆ. ಮೊಬೈಲ್ ಬಸ್ಸಿನ ಲೋಕದಲ್ಲಿ ಅದೇ ವ್ಯವಹಾರ ಇನ್ನಷ್ಟು ಒರಟಾಗಿ ನಡೆಯುತ್ತದೆ. ಜಾಹೀರಾತು ತುಂಬಿದ ಪುಟ ದಾಟಿದರೆ ಲಿಂಕ್, ಯೂಟ್ಯೂಬ್ ವಿಡಿಯೊ ಕೊನೆತನಕ ನೋಡಿದರೆ ಫೈಲಿನ ಪಾಸ್‌ವರ್ಡ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳಲ್ಲಿ ಮಕ್ಕಳ ಆಟವೆಲ್ಲ ಮೊಬೈಲಿನಲ್ಲೇ ನಡೆಯುವುದರಿಂದ ಪ್ರಶ್ನೆ ನಮ್ಮದೂ ಹೌದು. ಹವ್ಯಾಸಕ್ಕಾಗಿ ಮಾಡ್ ಮಾಡುವವರಿಗೆ ಜಾಹೀರಾತಿನ ಹಣದಿಂದ ಸಂಭಾವನೆ ಕೊಡುವುದು ನ್ಯಾಯವೇ?

ಪರ: ದುಡಿದವರಿಗೆ ದಕ್ಕಲಿ

ಕೆಲಸ ಎಂಥದ್ದೆಂದು ಮೊದಲು ತಿಳಿಯಬೇಕು. ಬಸ್ಸಿನ ಒಂದು ಮಾಡ್ ಎಂದರೆ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಅದರ ಮೈಯನ್ನು ಗೆರೆಗೆರೆಯಾಗಿ ಕಟ್ಟಬೇಕು. ಕಡಿಮೆ ಬೆಲೆಯ ಫೋನೂ ತಾಳಿಕೊಳ್ಳುವಷ್ಟು ಅದನ್ನು ಹಗುರ ಮಾಡಬೇಕು. ಬಾಗಿಲು ತೆರೆಯಬೇಕು, ವೈಪರ್ ಆಡಬೇಕು, ಚಕ್ರ ನೆಲಕ್ಕೆ ಸರಿಯಾಗಿ ಕೂರಬೇಕು. ಮೇಲಿನ ಬಣ್ಣ, ಅಕ್ಷರ, ಪಟ್ಟೆಗಳು ಬೇರೆಯದೇ ಚಿತ್ರ. ಅದನ್ನು ಲಿವರಿ ಎನ್ನುತ್ತಾರೆ. ಮುಂದಿನ ಬೋರ್ಡಿನಲ್ಲಿ ‘ಶಿವಮೊಗ್ಗ – ನ್ಯಾಮತಿ – ಹೊನ್ನಾಳಿ’ ಎಂದು ಕನ್ನಡದಲ್ಲಿ ಓದುವಂತೆ ಬರಬೇಕಾದರೆ ಒತ್ತಕ್ಷರ ಒಡೆಯದ ಫಾಂಟ್ ಹುಡುಕಬೇಕು. ಇಷ್ಟೆಲ್ಲ ಆದಮೇಲೆ ಆಟದ ಹೊಸ ಆವೃತ್ತಿ ಬಂದು ಹಳೆಯ ಮಾಡ್ ಕೆಟ್ಟರೆ ಮತ್ತೆ ಕೂರಬೇಕು. ಇದನ್ನು ‘ಆಟ’ ಎಂದು ತಳ್ಳಿಹಾಕುವವರು ಇಷ್ಟೇ ಶ್ರಮದ ಮದುವೆ ಆಲ್ಬಂ ವಿನ್ಯಾಸಕ್ಕೆ ಮರುಮಾತಿಲ್ಲದೆ ಹಣ ಕೊಡುತ್ತಾರೆ.

ಹವ್ಯಾಸಕ್ಕೆ ಹಣ ಯಾಕೆ ಎಂಬ ಮಾತು ಮೇಲ್ನೋಟಕ್ಕೆ ಉದಾತ್ತ. ಹವ್ಯಾಸ ಯಾರಿಗೆ ಕೈಗೆಟುಕುತ್ತದೆ ಎಂದು ಕೇಳಿದೊಡನೆ ಆ ಉದಾತ್ತತೆ ಉಳಿಯುವುದಿಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟವಿರುವ ಮನೆಯ ಹುಡುಗ ಲ್ಯಾಪ್‌ಟಾಪ್ ಕೊಂಡು ವರ್ಷಗಟ್ಟಲೆ ಉಚಿತವಾಗಿ ಮಾಡ್ ಹಂಚಬಹುದು. ಮಳೆ ನಂಬಿ ಬದುಕುವ ಜಗಳೂರು ಸೀಮೆಯಲ್ಲಿ ಪದವಿ ಮುಗಿಸಿದವನಿಗೆ ಆ ಅವಕಾಶ ಇರುವುದಿಲ್ಲ. ಅವನು ಬೆಂಗಳೂರಿನ ಬಸ್ಸು ಹತ್ತಲೇಬೇಕು. ಎಲ್ಲವೂ ಉಚಿತವಾಗಿರಬೇಕು ಎಂಬ ನಿಯಮ ಇಟ್ಟರೆ ಕಣದಲ್ಲಿ ಉಳಿಯುವುದು ಉಳ್ಳವರ ಮಕ್ಕಳು ಮಾತ್ರ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಸಂಗತಿ ಇದು.

ಹಾಗಾದರೆ ಆಟಗಾರರೇ ನೇರವಾಗಿ ಹಣ ಕೊಡಲಿ ಎನ್ನಬಹುದು. ಅದನ್ನು ಜಗತ್ತು ಮಾಡಿ ನೋಡಿದೆ. 2015ರ ಏಪ್ರಿಲ್ 23ರಂದು ವಾಲ್ವ್ ಕಂಪನಿ ತನ್ನ ಸ್ಟೀಮ್ ಮಳಿಗೆಯಲ್ಲಿ ‘ಸ್ಕೈರಿಮ್’ ಆಟದ ಮಾಡ್‌ಗಳನ್ನು ಮಾರಾಟಕ್ಕಿಟ್ಟಿತು. ಮಾರಿದ ಹಣದಲ್ಲಿ ಶೇ 30 ವಾಲ್ವ್‌ಗೆ, ಶೇ 45 ಆಟದ ಒಡೆಯ ಬೆಥೆಸ್ಡಾಗೆ, ಮಾಡ್ ಮಾಡಿದವರಿಗೆ ಶೇ 25. ಆಟಗಾರರ ಸಿಟ್ಟಿಗೆ ಏಪ್ರಿಲ್ 27ರಂದೇ ಅದನ್ನು ಹಿಂತೆಗೆಯಬೇಕಾಯಿತು. ಅದಕ್ಕೆ ಹೋಲಿಸಿದರೆ ಜಾಹೀರಾತಿನ ಹಂಚಿಕೆ ಎಷ್ಟೋ ಮೇಲು. ಮಾಡ್‌ಗಳ ತಾಣ ಮೋಡ್ರಿಂತ್ ಜಾಹೀರಾತು ಆದಾಯದ ಶೇ 75ನ್ನು ಮಾಡುವವರಿಗೇ ಕೊಡುತ್ತದೆ. ನೆಕ್ಸಸ್ ಮಾಡ್ಸ್ 2018ರಿಂದ ಇಳಿಕೆಯ ಲೆಕ್ಕದ ಮೇಲೆ ಅಂಕ ಕೊಟ್ಟು, ಅದನ್ನು ಹಣವಾಗಿಸಿಕೊಳ್ಳಲು ಅವಕಾಶ ಮಾಡಿದೆ. ಆಟಗಾರನ ಜೇಬಿನಿಂದ ಒಂದು ಪೈಸೆಯೂ ಹೋಗದೆ ಮಾಡಿದವನಿಗೆ ಅಷ್ಟಿಷ್ಟು ಬರುತ್ತದೆ.

ಆಡುವವರ ಕಡೆಯಿಂದಲೂ ನೋಡಿ. ನಮ್ಮ ಕಡೆ ಆಡುವವರಲ್ಲಿ ಹೆಚ್ಚಿನವರು ಶಾಲೆ, ಪಿಯು ಮಕ್ಕಳು. ಫೋನ್‌ಪೇ ಇರುವುದು ಅಪ್ಪನ ಹತ್ತಿರ. ಇಪ್ಪತ್ತು ರೂಪಾಯಿಯ ಬಸ್ಸಿಗಾಗಿ ‘ಅಪ್ಪಾ, ಒಂಚೂರು ಸ್ಕ್ಯಾನ್ ಮಾಡು’ ಎಂದು ಕೇಳಿ ಒಪ್ಪಿಸುವುದು ಯಾವ ಮನೆಯಲ್ಲಿ ಸುಲಭ? ಕೈಯಲ್ಲಿ ಕಾಸಿಲ್ಲದ ಮಗು ತಾನು ಮೆಚ್ಚಿದ ಕೆಲಸಕ್ಕೆ ಏನಾದರೂ ಸಲ್ಲಿಸಲು ಇರುವ ದಾರಿ ಅರ್ಧ ನಿಮಿಷದ ಜಾಹೀರಾತು.

ಕನ್ನಡದಲ್ಲಿ ಇಂಥ ಅನುಭವ ನಮಗೆ ಹೊಸದಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’ ತಂತ್ರಾಂಶ ವರ್ಷಗಟ್ಟಲೆ ಉಚಿತವಾಗಿ ಸಿಕ್ಕಿತು. ಕಂಪ್ಯೂಟರಿನಲ್ಲಿ ಕನ್ನಡ ಬರೆದ ಒಂದು ತಲೆಮಾರು ಅದರ ಋಣದಲ್ಲಿದೆ. ಮುಂದೆ ಅದಕ್ಕೆ ಬೆಲೆ ಬಂದಾಗ ಗೊಣಗಿದವರು ಬಹಳ. ಒಬ್ಬರ ಬಿಡುವಿನ ವೇಳೆಯ ಮೇಲೆ ಒಂದು ನುಡಿಯ ಅಷ್ಟು ಜನ ಅಷ್ಟು ಕಾಲ ನಿಂತಿದ್ದೆವಲ್ಲ ಎಂದು ಕೇಳಿಕೊಂಡವರು ಕಡಿಮೆ. ಅದೇ ತಪ್ಪನ್ನು ಈ ಹುಡುಗರ ವಿಷಯದಲ್ಲಿ ಮತ್ತೆ ಮಾಡಬೇಕಾಗಿಲ್ಲ.

ವಿರೋಧ: ಸಂಭಾವನೆ ಬೇಕು, ಈ ದಾರಿ ಬೇಡ

ಶ್ರಮದ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಜ. ಹವ್ಯಾಸ ಉಳ್ಳವರಿಗಷ್ಟೇ ದಕ್ಕುತ್ತದೆ ಎಂಬ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವೂ ಇಲ್ಲ. ಆದರೆ ‘ಆಟಗಾರನ ಜೇಬಿನಿಂದ ಒಂದು ಪೈಸೆಯೂ ಹೋಗದೆ’ ಎಂಬಲ್ಲಿ ನಾನು ನಿಲ್ಲುತ್ತೇನೆ. ಹಣ ಎಲ್ಲಿಂದಲೋ ಬರಲೇಬೇಕಲ್ಲ. ಹದಿನಾಲ್ಕರ ಹುಡುಗ ಏನು ನೋಡುತ್ತಾನೆ, ಎಷ್ಟು ಹೊತ್ತು ನೋಡುತ್ತಾನೆ, ಯಾವ ಊರಿನಲ್ಲಿದ್ದಾನೆ ಎಂಬುದನ್ನು ಕೊಳ್ಳುವವರಿಂದ ಅದು ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಕರೆದು, ಅವರ ಚಲನವಲನದ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿ ಮಾಡಿದ ಜಾಹೀರಾತನ್ನೂ 9ನೇ ಸೆಕ್ಷನ್‌ನಲ್ಲಿ ನಿಷೇಧಿಸಿದೆ. ಕಾನೂನು ಮಗುವಿಗೆ ಬೇಡವೆಂದದ್ದನ್ನು ನಾವು ಮಗು ಸಲ್ಲಿಸುವ ಕಾಣಿಕೆ ಎಂದು ಕರೆಯಬಾರದು.

ಆ ಅರ್ಧ ನಿಮಿಷದಲ್ಲಿ ಏನು ತೋರಿಸುತ್ತಾರೆಂಬುದನ್ನೂ ಹಿರಿಯರು ಒಮ್ಮೆ ಕೂತು ನೋಡಬೇಕು. ದೊಡ್ಡ ಮಾಡ್ ಮ್ಯಾನೇಜರ್‌ಗಳ ಜಾಹೀರಾತು ತಕ್ಕಮಟ್ಟಿಗೆ ಶೋಧಿಸಿ ಬರುತ್ತದೆ, ಒಪ್ಪುತ್ತೇನೆ. ಲಿಂಕ್ ಕಿರಿದುಗೊಳಿಸುವ ಪುಟಗಳಲ್ಲಿ ಅಂಥ ಶೋಧನೆ ಇರುವುದಿಲ್ಲ. ಸುಳ್ಳು ‘ಡೌನ್‌ಲೋಡ್’ ಗುಂಡಿ, ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂಬ ಬೆದರಿಕೆ, ಬೆಟ್ಟಿಂಗ್ ಆ್ಯಪ್‌ನ ಆಮಿಷ, ಎಲ್ಲವೂ ಅಲ್ಲಿ ಒಂದರ ಪಕ್ಕ ಒಂದು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜೊತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ವಿದೇಶದ ಯಾವುದೋ ಸರ್ವರ್‌ನಿಂದ ಬರುವ ಪುಟದ ಮೇಲೆ ಆ ನಿಷೇಧ ನಡೆಯುವುದು ಕಷ್ಟ. ಐರಾವತ ಬಸ್ಸು ಬೇಕೆಂದು ಹೋದ ಮಗುವನ್ನು ಜೂಜಿನ ಬಾಗಿಲ ಮುಂದೆ ಹಾಯಿಸಿ ತರುವ ದಾರಿಗೆ ಮಾಡಿದವನ ಹಸಿವು ಸಮರ್ಥನೆಯಾಗಲಾರದು.

ಇನ್ನು ಹಣ ಯಾರಿಗೆ ಸೇರುತ್ತದೆ? ಜಾಹೀರಾತು ದುಡಿಮೆಯನ್ನು ಅಳೆಯುವುದಿಲ್ಲ, ಕ್ಲಿಕ್ಕನ್ನು ಎಣಿಸುತ್ತದೆ. ಹಾಗಾಗಿ ಒಬ್ಬ ತಿಂಗಳುಗಟ್ಟಲೆ ಕೂತು ಕಟ್ಟಿದ ಬಸ್ಸನ್ನು ಇನ್ನೊಬ್ಬ ಇಳಿಸಿಕೊಂಡು, ಬಣ್ಣ ಬದಲಿಸಿ, ತನ್ನ ಪಾಸ್‌ವರ್ಡ್ ಹಾಕಿ, ತನ್ನ ಚಾನೆಲ್‌ನಲ್ಲಿ ಬಿಟ್ಟರೆ ಹಣ ಎರಡನೆಯವನಿಗೆ. ಬಸ್ ಮಾಡ್ ಲೋಕದಲ್ಲಿ ಹೀಗೆ ಮತ್ತೆ ಏರಿಸುವುದರ ಬಗ್ಗೆ ನಡೆಯುವಷ್ಟು ಜಗಳ ಬೇರೆ ಯಾವುದಕ್ಕೂ ನಡೆಯುವುದಿಲ್ಲ. ಹಣವಿಲ್ಲದಾಗ ಇಂಥ ಕಳ್ಳತನದಿಂದ ಸಿಗುವುದು ಹೆಸರೊಂದೇ. ಹಣ ಬಂದಮೇಲೆ ಅದೂ ಒಂದು ಕಸುಬಾಗುತ್ತದೆ. ಏನನ್ನು ಮಾಡಬೇಕು ಎಂಬುದನ್ನೂ ಕ್ಲಿಕ್ಕೇ ತೀರ್ಮಾನಿಸತೊಡಗುತ್ತದೆ. ಚಿತ್ರವಿಚಿತ್ರ ಹಾರ್ನ್, ಮೈತುಂಬ ದೀಪ ಹಾಕಿದ ಟೂರಿಸ್ಟ್ ಬಸ್ಸಿಗೆ ಲಕ್ಷ ನೋಟ. ಜಗಳೂರಿನಿಂದ ದಾವಣಗೆರೆಗೆ ದಿನಾ ಓಡಾಡುವ ಸಾದಾ ಬಸ್ಸಿಗೆ ಯಾರ ನೋಟವೂ ಇಲ್ಲ. ನಮ್ಮೂರಿನ ಬಸ್ಸು, ನಮ್ಮೂರಿನ ಬೋರ್ಡು ಆಟದೊಳಗೆ ಬಂದದ್ದೇ ಲಾಭ ನಷ್ಟ ಲೆಕ್ಕ ಹಾಕದ ಹುಡುಗರಿಂದ. ಅದು ಹೋದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮಾಡ್ ಮ್ಯಾನೇಜರ್‌ಗಳ ಚರಿತ್ರೆಯೂ ಎಚ್ಚರಿಸುವಂಥದ್ದೇ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಆ್ಯಡ್-ಆನ್‌ಗಳನ್ನು ಉಚಿತವಾಗಿಯೇ ಕೊಡಬೇಕು, ಅವುಗಳೊಳಗೆ ಜಾಹೀರಾತು ಕೂಡದು, ದೇಣಿಗೆಯನ್ನೂ ಕೇಳಕೂಡದು ಎಂದು ಬ್ಲಿಝರ್ಡ್ ಕಂಪನಿ 2009ರಲ್ಲೇ ನಿಯಮ ಮಾಡಿತು. ಆಗ ಜಾಹೀರಾತು ಆ್ಯಡ್-ಆನ್ ಬಿಟ್ಟು, ಅದನ್ನು ತಂದುಕೊಡುವ ತಂತ್ರಾಂಶದಲ್ಲಿ ನೆಲೆಯೂರಿತು. ಆ ಆಟದ ಆ್ಯಡ್-ಆನ್‌ಗಳ ದೊಡ್ಡ ಉಗ್ರಾಣವಾದ ಕರ್ಸ್‌ಫೋರ್ಜ್ 2016ರಲ್ಲಿ ಟ್ವಿಚ್ ಕೈಗೆ, 2020ರಲ್ಲಿ ಇಸ್ರೇಲಿನ ಓವರ್‌ವುಲ್ಫ್ ಕೈಗೆ ಹೋಯಿತು. ವೌಅಪ್ ಎಂಬ ಮುಕ್ತ, ಜಾಹೀರಾತಿಲ್ಲದ ಮ್ಯಾನೇಜರ್ ಅದೇ ಉಗ್ರಾಣದಿಂದ ಆ್ಯಡ್-ಆನ್ ಇಳಿಸಿಕೊಡುತ್ತಿತ್ತು. 2022ರಲ್ಲಿ ಹಳೆಯ ದಾರಿ ಮುಚ್ಚಿತು. ವೌಅಪ್ ಮತ್ತೆ ಒಳಗೆ ಹೋಗಲು ಓವರ್‌ವುಲ್ಫ್‌ನ ಜಾಹೀರಾತು ಹೊತ್ತ ಬೇರೊಂದು ಆವೃತ್ತಿಯನ್ನೇ ತರಬೇಕಾಯಿತು. ಉಗ್ರಾಣದಲ್ಲಿದ್ದದ್ದು ಸಾವಿರಾರು ಹವ್ಯಾಸಿಗಳ ಕೆಲಸ. ಬೀಗದ ಕೈ ಮಾತ್ರ ಒಂದೇ ಕಂಪನಿಯದ್ದು. ನೆಕ್ಸಸ್‌ನಲ್ಲೂ 2021ರಲ್ಲಿ ನಿಯಮ ಬದಲಾಗಿ, ಮಾಡಿದವರೇ ತಮ್ಮ ಫೈಲನ್ನು ಪೂರ್ತಿ ಅಳಿಸಲಾಗದಂತಾಯಿತು. ಬೇಸತ್ತ ಕೆಲವರು ತಾಣ ಬಿಟ್ಟೇ ಹೋದರು. ಪಾಲು ಕೊಡುವ ಕೈಯೇ ಹಕ್ಕನ್ನೂ ಹಿಡಿದುಕೊಳ್ಳುತ್ತದೆ.

ಜಾಹೀರಾತಿನ ಹಣದಿಂದ ಸುರಕ್ಷತೆಯಾದರೂ ಬರುತ್ತದೆಯೇ? 2023ರ ಜೂನ್‌ನಲ್ಲಿ ‘ಫ್ರ್ಯಾಕ್ಚರೈಸರ್’ ಎಂಬ ದುಷ್ಟ ತಂತ್ರಾಂಶ ಮೈನ್‌ಕ್ರಾಫ್ಟ್ ಮಾಡ್‌ಗಳೊಳಗೆ ಸೇರಿಕೊಂಡು ಹರಡಿದ್ದು ಇದೇ ಕರ್ಸ್‌ಫೋರ್ಜ್ ಮೂಲಕ. ಅದನ್ನು ಬಿಡಿಸಿ, ಲಕ್ಷಣ ಬರೆದು, ಉಳಿದವರನ್ನು ಎಚ್ಚರಿಸುವ ಕೆಲಸಕ್ಕೆ ಹಗಲು ರಾತ್ರಿ ಕೂತವರಲ್ಲಿ ಸಂಬಳವಿಲ್ಲದ ಹವ್ಯಾಸಿಗಳು ಬಹಳ ಮಂದಿ.

ಒಡೆತನದ ಮಾತನ್ನೂ ಬಿಡುವಂತಿಲ್ಲ. ಕೆಎಸ್‌ಆರ್‌ಟಿಸಿ ಎಂಬ ಐದಕ್ಷರಕ್ಕಾಗಿ ಕೇರಳ, ಕರ್ನಾಟಕಗಳ ನಿಗಮಗಳು ವರ್ಷಗಟ್ಟಲೆ ಸೆಣಸಿ, 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಹುಡುಗನೊಬ್ಬ ಪ್ರೀತಿಗಾಗಿ ಕೆಂಪು ಬಸ್ಸಿಗೆ ಆ ಲಾಂಛನ ಅಂಟಿಸಿ ಹಂಚಿದರೆ ಯಾವ ನಿಗಮವೂ ತಲೆ ಕೆಡಿಸಿಕೊಳ್ಳಲಾರದು. ಅದರಿಂದ ಆದಾಯ ಬರತೊಡಗಿದ ದಿನ ಅವನ ರಕ್ಷಣೆ ತೆಳುವಾಗುತ್ತದೆ. ನೋಟಿಸ್ ಬಂದರೆ ಜಾಹೀರಾತು ಕಂಪನಿ ಅವನ ಪಕ್ಕ ನಿಲ್ಲುವುದಿಲ್ಲ.

‘ಬರಹ’ದ ಉದಾಹರಣೆಯನ್ನು ನಾನು ಬೇರೆ ರೀತಿ ಓದುತ್ತೇನೆ. ಅದಕ್ಕೆ ಬೆಲೆ ಬಂದಾಗ ಆ ಬೆಲೆ ಕಣ್ಣಿಗೆ ಕಾಣುತ್ತಿತ್ತು. ಬೇಕಾದವರು ಕೊಟ್ಟರು, ಬೇಡವಾದವರು ಬಿಟ್ಟರು. ಅದರ ಜೊತೆಗೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇತ್ತು. ಅದಕ್ಕೆ ಸರ್ಕಾರದ ಬೆಂಬಲವಿತ್ತು, ಊರೂರಿನ ಡಿಟಿಪಿ ಅಂಗಡಿಗಳು ಅದನ್ನು ಉಚಿತವಾಗಿ ಬಳಸಿದವು. ಎರಡೂ ಮುಚ್ಚುಮರೆಯಿಲ್ಲದ ದಾರಿಗಳು. ಅಪ್ಪನ ಫೋನ್‌ಪೇ ಮಾತಿಗೂ ಈಗ ಉಪಾಯವಿದೆ. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಹಿರಿಯರ ಖಾತೆಯಿಂದಲೇ ಮಿತಿ ಹಾಕಿ, ನಂಬಿದ ಇನ್ನೊಬ್ಬರು ಖರ್ಚು ಮಾಡಲು ಬಿಡಬಹುದು. ಮನೆಯಲ್ಲಿ ಕೇಳಿ, ಒಪ್ಪಿಸಿ, ಹತ್ತು ರೂಪಾಯಿ ಕಳಿಸಿದ ಹುಡುಗನಿಗೆ ತಾನು ಯಾರ ಕೆಲಸಕ್ಕೆ ಏನು ಕೊಟ್ಟೆ ಎಂಬುದಾದರೂ ಗೊತ್ತಿರುತ್ತದೆ.

ಬಡ ಮನೆಯ ಹುಡುಗನ ಪ್ರಶ್ನೆ ಆದರೂ ಉಳಿಯುತ್ತದೆ. ಅದನ್ನು ಕೇಳಬೇಕಾದ್ದು ಜಾಹೀರಾತು ಕಂಪನಿಯನ್ನಲ್ಲ, ಸರ್ಕಾರವನ್ನು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ಮಾಡಿದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಹೊಸ ನೀತಿಯೂ ಜಾರಿಯಲ್ಲಿದೆ. ಅದರ ಒಂದು ಸಣ್ಣ ಪಾಲನ್ನಾದರೂ ಬೆಂಗಳೂರಿನಾಚೆ ತಂದು, ಹೊನ್ನಾಳಿ, ಜಗಳೂರಿನ ಸರ್ಕಾರಿ ಕಾಲೇಜುಗಳಲ್ಲಿ ಬ್ಲೆಂಡರ್ ಓಡುವ ಹತ್ತು ಕಂಪ್ಯೂಟರ್ ಇಟ್ಟು, ಒಳ್ಳೆಯ ಮಾಡ್ ಮಾಡಿದ ವಿದ್ಯಾರ್ಥಿಗೆ ವರ್ಷಕ್ಕಿಷ್ಟು ಎಂದು ಶಿಷ್ಯವೇತನ ಕೊಡಲಿ. ಬ್ಲೆಂಡರ್‌ಗೆ ಲೈಸೆನ್ಸ್ ಶುಲ್ಕವಿಲ್ಲ. ಬೇಕಿರುವುದು ಯಂತ್ರ, ಕರೆಂಟು ಮತ್ತು ಸಂಜೆ ಬೀಗ ಹಾಕದ ಒಂದು ಕೊಠಡಿ.