ದೋಷದ ಅಧ್ಯಾಯವಿಲ್ಲದ ಪುಸ್ತಕ ಬೇಡ

ವೈಜ್ಞಾನಿಕ ಲೆಕ್ಕಾಚಾರಕ್ಕೆ ಪ್ರೋಗ್ರಾಮಿಂಗ್ ಕಲಿಯಹೊರಟ ವಿದ್ಯಾರ್ಥಿಗಳು ಪುಸ್ತಕ ಕೊಳ್ಳುವಾಗ ಮೊದಲು ನೋಡುವುದು ಮುಖಪುಟದ ಮೇಲೆ ಪೈಥಾನ್ ಇದೆಯೋ ಮ್ಯಾಟ್‌ಲ್ಯಾಬ್ ಇದೆಯೋ ಎಂದು. ಈ ಕ್ರಮ ತಲೆಕೆಳಗಾಗಬೇಕು. ಭಾಷೆಗಳು ಬದಲಾಗುತ್ತಲೇ ಇರುತ್ತವೆ. 2008ರಲ್ಲಿ ಪೈಥಾನ್ 3 ಬಂತು, 2020ಕ್ಕೆ ಪೈಥಾನ್ 2ರ ಬೆಂಬಲವೇ ನಿಂತಿತು. ಹಳೆಯ ಪುಸ್ತಕಗಳ ಎಷ್ಟೋ ಪ್ರೋಗ್ರಾಮ್‌ಗಳು ಇಂದು ಇದ್ದಂತೆಯೇ ಓಡುವುದಿಲ್ಲ. ಆದರೆ ಗೊಲಬ್ ಮತ್ತು ವ್ಯಾನ್ ಲೋನ್ 1983ರಲ್ಲಿ ಪ್ರಕಟಿಸಿದ ‘ಮ್ಯಾಟ್ರಿಕ್ಸ್ ಕಂಪ್ಯುಟೇಷನ್ಸ್’ 2013ರಲ್ಲಿ ನಾಲ್ಕನೇ ಆವೃತ್ತಿ ಕಂಡು, ಈಗಲೂ ಆಕರಗ್ರಂಥವಾಗಿ ಉಳಿದಿದೆ. ಅದು ಕಲಿಸುವುದು ಭಾಷೆಯನ್ನಲ್ಲ, ವಿಧಾನವನ್ನು.

ಪುಸ್ತಕವನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಲೆಕ್ಕ ಎಲ್ಲಿ ಎಡವುತ್ತದೆಂದು ಇದು ಹೇಳುತ್ತದೆಯೇ? ಎಕ್ಸ್ ವರ್ಗದಿಂದ 10 ಕೋಟಿ ಎಕ್ಸ್ ಕಳೆದು 1 ಕೂಡಿಸಿದರೆ ಸೊನ್ನೆ ಎಂಬ ಸಮೀಕರಣವನ್ನೇ ನೋಡಿ. ಹೈಸ್ಕೂಲಿನಲ್ಲಿ ಕಲಿತ ಸೂತ್ರವನ್ನು ಹಾಗೆಯೇ ಪೈಥಾನ್‌ನಲ್ಲಿ ಬರೆದರೆ, ಅದರ ಚಿಕ್ಕ ಮೂಲದಲ್ಲಿ ಸುಮಾರು ಶೇ 25ರಷ್ಟು ತಪ್ಪು ಬರುತ್ತದೆ. ಸೂತ್ರ ಸರಿ, ಪ್ರೋಗ್ರಾಮ್ ಸರಿ, ಉತ್ತರ ಮಾತ್ರ ತಪ್ಪು. ಒಂದಕ್ಕೊಂದು ತೀರಾ ಹತ್ತಿರವಿರುವ ಎರಡು ಸಂಖ್ಯೆಗಳನ್ನು ಕಳೆದಾಗ ನಿಖರತೆ ನಷ್ಟವಾಗುವುದೇ ಕಾರಣ. ಇಂಥ ದೋಷ ಜೀವವನ್ನೂ ತೆಗೆದಿದೆ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಆ ವ್ಯವಸ್ಥೆ ಸಮಯವನ್ನು ಎಣಿಸುತ್ತಿದ್ದುದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ; ಆ ಭಾಗವನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿ ಬರೆಯಲಾಗದು. ಕತ್ತರಿಸಿಟ್ಟ ಆ ಸಂಖ್ಯೆಯ ದೋಷ 100 ಗಂಟೆಗಳಲ್ಲಿ ಬೆಳೆದು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿತ್ತು.

ಹೊಸಬರಿಗೆ ಇದು ಭಾರವಾಗುತ್ತದೆ, ಮೊದಲು ಭಾಷೆ ಬರಲಿ ಎನ್ನುವವರಿದ್ದಾರೆ. ಭಾಷೆ ಬೇಕು, ನಿಜ. ಆದರೆ ಪೈಥಾನ್‌ನ ಅಧಿಕೃತ ಪಾಠವೇ ಅಂತರಜಾಲದಲ್ಲಿ ಉಚಿತವಾಗಿ ಸಿಗುವಾಗ ಅದಕ್ಕೆ ಹಣ ಸುರಿಯಬೇಕಿಲ್ಲ. ಒಳ್ಳೆಯ ಪುಸ್ತಕಗಳೆಲ್ಲ ದುಬಾರಿ ಎಂಬ ಮಾತೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಜಾರಾಮನ್ ಅವರ ‘ಕಂಪ್ಯೂಟರ್ ಓರಿಯೆಂಟೆಡ್ ನ್ಯೂಮರಿಕಲ್ ಮೆಥಡ್ಸ್’ ಅಗ್ಗದ ಪಠ್ಯ. ಕಂಪ್ಯೂಟರಿನ ಅಂಕಗಣಿತಕ್ಕೆ ಅದರಲ್ಲೂ ಒಂದು ಅಧ್ಯಾಯವಿದೆ. ಇನ್ನು, ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮ್ ಬರೆದುಕೊಡುವಾಗ ಪುಸ್ತಕವೇಕೆ ಎಂಬ ಆಕ್ಷೇಪ. ಬರೆಯುವ ಕೆಲಸ ಯಂತ್ರಕ್ಕೆ ಹೋದಷ್ಟೂ ಉತ್ತರವನ್ನು ಪರೀಕ್ಷಿಸುವ ಹೊಣೆ ಮನುಷ್ಯನ ಮೇಲೆ ಹೆಚ್ಚುತ್ತದೆ. ಆದ್ದರಿಂದ ಕಾಲೇಜು ಗ್ರಂಥಾಲಯಗಳು ಭಾಷೆಗೊಂದರಂತೆ ಪುಸ್ತಕ ಪೇರಿಸುವುದನ್ನು ಬಿಟ್ಟು, ದೋಷವನ್ನು ವಿವರಿಸುವ ಪುಸ್ತಕಗಳ ಹೆಚ್ಚು ಪ್ರತಿ ತರಿಸಲಿ. ಪರೀಕ್ಷೆಯಲ್ಲಿ ಉತ್ತರದ ಜೊತೆಗೆ ಅದನ್ನು ಎಷ್ಟು ನಂಬಬಹುದೆಂದೂ ಅಧ್ಯಾಪಕರು ಕೇಳಲಿ.