ಮಂತ್ರವಾದಿಯ ಪ್ರೇಮಪ್ರಸಂಗ

ಹೆಂಗಸಿನ ಮೈಮೇಲೆ ಬರುವ ಗಂಡುದೆವ್ವಕ್ಕೆ ಅವಳ ಮೇಲೆ ಮೋಹವೆಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದರ ನಿಜವಾದ ಪ್ರೇಮ ಮಂತ್ರವಾದಿಯ ಜೊತೆ. ಇವನಿಲ್ಲದೆ ಅದಕ್ಕೆ ಹೆಸರಿಲ್ಲ, ಅದಿಲ್ಲದೆ ಇವನಿಗೆ ಅನ್ನವಿಲ್ಲ. ಇಷ್ಟು ಅನ್ಯೋನ್ಯವಾದ ದಾಂಪತ್ಯವನ್ನು ಮನುಷ್ಯರಲ್ಲಿ ನಾನು ಕಂಡದ್ದು ಕಡಿಮೆ.

ದಾವಣಗೆರೆಯ ನಮ್ಮ ದೇವರಾಜ ಅರಸು ಬಡಾವಣೆ ಕುಗ್ರಾಮವೇನಲ್ಲ. ಆದರೂ ಇಲ್ಲಿ ಪರಿಚಯದ ಮನೆಯೊಂದರಲ್ಲಿ ಹೊಸ ಸೊಸೆ ನಡುರಾತ್ರಿ ಬೆಚ್ಚಿ ಏಳತೊಡಗಿದಾಗ ಕರೆಸಿದ್ದು ಮಂತ್ರವಾದಿಯನ್ನೇ. ಎದೆಯ ಮೇಲೆ ಯಾರೋ ಕೂತಂತೆ, ಕೈಕಾಲು ಆಡದಂತೆ ಆಗುತ್ತದೆ ಎನ್ನುತ್ತಿದ್ದಳು. ಗಂಡ ದೂರದೂರಿನಲ್ಲಿ ದುಡಿಯುತ್ತಿದ್ದ. ‘ಗಂಡುಗಾಳಿ ಸೋಕೈತಿ ನೋಡವ್ವಾ, ಮನಸಿಟ್ಟು ಬಂದೈತಿ’ ಎಂದು ಆತ ತೀರ್ಪು ಕೊಟ್ಟ. ನಿಂಬೆಹಣ್ಣು, ಹೊಗೆ, ಬೇವಿನ ಸೊಪ್ಪು ಎಲ್ಲ ಬಂದವು. ದೆವ್ವವನ್ನು ಅವನು ಎಷ್ಟು ವಿಚಾರಿಸಿದ! ಯಾವೂರು, ಹೆಂಗ ಸತ್ತಿ, ಏನು ಬೇಕು, ಯಾವಾಗ ಬಿಡ್ತಿ? ಆ ಹುಡುಗಿಗೆ ಏನು ಬೇಕೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಏಟು ಬಿದ್ದದ್ದು ಅವಳ ಬೆನ್ನಿಗೆ.

ಕನಸು ಬೀಳುವ ನಿದ್ದೆಯಲ್ಲಿ ಮಿದುಳು ನಮ್ಮ ಕೈಕಾಲು ಅಲುಗದಂತೆ ತಡೆದಿರುತ್ತದೆ. ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ತಡೆ ಆಮೇಲೆ ಸಡಿಲುತ್ತದೆ. ಆ ನಡುವಿನ ಗಳಿಗೆಯಲ್ಲಿ ಕನಸಿನ ಆಕೃತಿ ಕೋಣೆಯಲ್ಲೇ ನಿಂತಂತೆ ಕಾಣುತ್ತದೆ. ನಿದ್ದೆಗೆಟ್ಟವರಿಗೆ, ಚಿಂತೆ ಹತ್ತಿದವರಿಗೆ ಇದು ಹೆಚ್ಚು. ಯುರೋಪಿನವರೂ ಇಂಥ ಅನುಭವಕ್ಕೆ ‘ಇನ್‌ಕ್ಯುಬಸ್’ ಎಂಬ ಗಂಡುಪಿಶಾಚಿಯನ್ನು ಹೊಣೆಮಾಡಿದ್ದರು. ಅಂದರೆ ಅಜ್ಞಾನದಲ್ಲಿ ನಾವೇನೂ ಒಂಟಿಯಲ್ಲ.

ನಮ್ಮ ಜನಪದ ಕಥೆ ಮಂತ್ರವಾದಿಗಿಂತ ಜಾಣೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ, 1997ರಲ್ಲಿ ನಾಗಾಭರಣರು ಸಿನಿಮಾ ಮಾಡಿದ ‘ನಾಗಮಂಡಲ’ವನ್ನೇ ನೋಡಿ. ಅಲ್ಲೂ ವಶೀಕರಣದ ಬೇರಿದೆ, ಗಂಡನ ರೂಪ ತೊಟ್ಟು ರಾತ್ರಿ ಬರುವ ನಾಗನಿದ್ದಾನೆ. ಆದರೆ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋದವನು ಗಂಡ ಅಪ್ಪಣ್ಣ. ಕಥೆ ನಾಗನನ್ನು ತೋರಿಸುತ್ತಲೇ ಆ ಬೀಗವನ್ನೂ ತೋರಿಸುತ್ತದೆ. ನಾವು ನಾಗನನ್ನು ಮಾತ್ರ ಹಿಡಿಯಲು ಹೋಗುತ್ತೇವೆ.

ಮಂತ್ರ ಹಾಕಿಸಿ ಗುಣವಾದವರಿಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಮೂಲೆಯಲ್ಲಿದ್ದವಳ ಸುತ್ತ ಮನೆಮಂದಿಯೆಲ್ಲ ಕೂತು, ಅವಳ ಬಾಯಿಂದ ಬಂದ ಮಾತನ್ನು ದೆವ್ವದ ಹೆಸರಿನಲ್ಲಾದರೂ ಕಿವಿಗೊಟ್ಟು ಕೇಳಿದರೆ ಮನಸ್ಸು ಹಗುರವಾದೀತು. ಅದೇ ಕಿವಿಯನ್ನು ಬೇವಿನ ಏಟಿಲ್ಲದೆ ಕೊಡಲು ನಮಗೇನು ಅಡ್ಡಿ?

ಕಾನೂನಿಲ್ಲವೆಂದಲ್ಲ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಅಂಗೀಕಾರವಾದ ಕರ್ನಾಟಕದ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು ಅದರಡಿ ಅಪರಾಧ. ಆದರೆ ಹೊಡೆಯುವವನಿಗೆ ಕಾಫಿ ಕೊಟ್ಟು ಕೂರಿಸುವವರು ಮನೆಯವರೇ ಆದಾಗ ದೂರು ಕೊಡುವವರು ಯಾರು?

ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ಭೂಸುಧಾರಣೆ ತಂದವರ ಹೆಸರು ಈ ಬಡಾವಣೆಗಿದೆ. ಗೇಣಿದಾರನಿಗೆ ಹೊಲ ಸಿಕ್ಕಿತು. ಹೆಣ್ಣಿನ ಮೈಗೆ ಮಾತ್ರ ಹಗಲು ಗಂಡನ ಮನೆ ಒಡೆಯ, ರಾತ್ರಿ ದೆವ್ವ ಒಡೆಯ, ಇವರಿಬ್ಬರ ವ್ಯಾಜ್ಯ ತೀರಿಸಲು ಮಂತ್ರವಾದಿ. ಅದರಲ್ಲಿ ಬದುಕುವವಳಿಗೆ ಅದರ ಪಟ್ಟಾ ಬರೆದುಕೊಡುವುದು ಯಾವಾಗ?