ಚೌಕಳಿ ಹೊಸದಾದರೂ ಸರಿ, ತಾರೀಖು ನಿಜವಿರಲಿ

ಗ್ಲಾಸ್ಗೋದಲ್ಲಿ ಕೆಲಸ ಮಾಡುವ ನಮ್ಮ ಮಾಮೂ ಈ ಸಲ ರಜೆಗೆ ಬಂದಾಗ ನನಗೊಂದು ಉಣ್ಣೆಯ ಮಫ್ಲರ್ ತಂದರು. ಕೆಂಪು ಬಟ್ಟೆಯ ಮೇಲೆ ಬಣ್ಣ ಬಣ್ಣದ ಗೆರೆಗಳ ಚೌಕಳಿ. ಅಂಚಿನಲ್ಲಿ ‘ಮ್ಯಾಕ್‌ಫರ್ಸನ್ ಕ್ಲಾನ್ ಟಾರ್ಟನ್’ ಎಂಬ ಚೀಟಿ. ದಾದಿ ಮುಟ್ಟಿ ನೋಡಿ, “ಅಚ್ಛಾ ಚಾರ್‌ಖಾನಾ ಹೈ” ಎಂದರು. ನಮ್ಮ ಮನೆಯಲ್ಲಿ ಚೌಕಳಿ ಇರುವ ಎಲ್ಲದಕ್ಕೂ, ಲುಂಗಿಗೂ ಸೇರಿಸಿ, ಅದೇ ಹೆಸರು. ಮಾಮೂ ತಿದ್ದಿದರು: “ಇದು ಬರೀ ಚಾರ್‌ಖಾನಾ ಅಲ್ಲ, ಒಂದು ಖಾಂದಾನಿನ ಗುರುತು. ಅಲ್ಲಿ ಒಂದೊಂದು ಖಾಂದಾನಿಗೂ ನೂರಾರು ವರ್ಷಗಳಿಂದ ಒಂದೊಂದು ಚೌಕಳಿ.”

ಅದೇ ವಾರ ನಮ್ಮ ಮನೆಯಲ್ಲೂ ಖಾಂದಾನಿನ ಮಾತೇ ನಡೆದಿತ್ತು. ಆಪಾಗೆ ಒಂದು ರಿಷ್ತಾ ಬಂದಿತ್ತು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಹುಡುಗನ ಕಡೆಯವರು ನಮ್ಮ ಶಜರಾ, ಅಂದರೆ ವಂಶಾವಳಿ, ಇದೆಯಾ ಎಂದು ಕೇಳಿದರು. ನಮ್ಮಲ್ಲಿ ಇಲ್ಲ. ನಮ್ಮ ದಾದಾ ಮಗ್ಗದವರಿಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದರು. ಅವರ ಅಪ್ಪನ ಹೆಸರಿನಿಂದ ಹಿಂದಕ್ಕೆ ಯಾರಿಗೂ ಏನೂ ಗೊತ್ತಿಲ್ಲ. ದುಡ್ಡು ಕೊಟ್ಟರೆ ಅರಬ್ ದೇಶದವರೆಗೂ ಮುಟ್ಟುವ ಶಜರಾ ಬರೆದುಕೊಡುವವರು ಇದ್ದಾರೆ ಎಂದು ಬಂಧುವೊಬ್ಬರು ಹೇಳಿದರು. ಅಬ್ಬಾ ಏನೂ ಹೇಳದೆ ಎದ್ದು ಹೋದರು.

ಮಾಮೂ ಹೇಳಿದ ಆ ನೂರಾರು ವರ್ಷದ ಲೆಕ್ಕವನ್ನು ನೋಡಿಯೇಬಿಡೋಣ ಎಂದು ನಾನು ಓದಲು ಕುಳಿತೆ.

ಬಟ್ಟೆ ಹಳೆಯದು ಎಂಬುದು ನಿಜ. ಗ್ಲೆನ್ ಅಫ್ರಿಕ್ ಎಂಬಲ್ಲಿ ಜೌಗು ನೆಲದಿಂದ ತೆಗೆದ ಒಂದು ತುಂಡು 1500ರಿಂದ 1600ರ ನಡುವಿನದು ಎಂದು ಪರೀಕ್ಷೆಯಿಂದ ತಿಳಿದಿದೆ. ಅದನ್ನು 2023ರಲ್ಲಿ ಡಂಡೀ ನಗರದ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಟಾರ್ಟನ್‌ನಲ್ಲಿ ಬಣ್ಣ ಹಾಕುವುದು ಬಟ್ಟೆಗಲ್ಲ, ನೂಲಿಗೆ. ಹಾಸಿನಲ್ಲಿ ಯಾವ ಬಣ್ಣ ಎಷ್ಟು ಎಳೆಯೋ ಹೊಕ್ಕಿನಲ್ಲೂ ಸಾಮಾನ್ಯವಾಗಿ ಅಷ್ಟೇ. ಎರಡು ಬಣ್ಣ ಅಡ್ಡ ಹಾಯುವಲ್ಲಿ ಮೂರನೆಯ ಛಾಯೆ ಹುಟ್ಟುತ್ತದೆ. ಹೀಗೆ ಆರು ಬಣ್ಣದ ನೂಲಿದ್ದರೆ 21 ಛಾಯೆಗಳು. ಬೇಕಾದರೆ ಲೆಕ್ಕ ಹಾಕಿ ನೋಡಿ.

ಆದರೆ ಇಂಥ ಖಾಂದಾನಿಗೆ ಇಂಥದೇ ಚೌಕಳಿ ಎಂಬ ನಿಯಮ ಅಷ್ಟು ಹಳೆಯದಲ್ಲ. ಮಾರ್ಟಿನ್ ಮಾರ್ಟಿನ್ ಎಂಬವರು 1703ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಬಟ್ಟೆ ನೋಡಿ ಮನುಷ್ಯ ಯಾವ ಊರಿನವನು ಎಂದು ಹೇಳಬಹುದು ಎಂದಿದ್ದಾರೆ. ಗುರುತು ಊರಿನದು, ಮನೆತನದ್ದಲ್ಲ. 1746ರ ಏಪ್ರಿಲ್ 16ರಂದು ಕಲೋಡನ್‌ನಲ್ಲಿ ನಡೆದ ಯುದ್ಧದಲ್ಲಿ ಹೈಲ್ಯಾಂಡಿನ ಸೈನಿಕರು ತಮ್ಮವರನ್ನು ಗುರುತಿಸಿದ್ದು ಟೋಪಿಯ ಮೇಲಿನ ಬಿಳಿ ಕುಚ್ಚಿನಿಂದ. ಆ ದಂಗೆಯ ಬಗ್ಗೆ ಡೇವಿಡ್ ಮೋರಿಯರ್ ಬರೆದ ಚಿತ್ರದಲ್ಲಿ ಒಬ್ಬೊಬ್ಬರ ಮೈಮೇಲೂ ಬೇರೆ ಬೇರೆ ಚೌಕಳಿ ಇದೆ.

ಹಾಗಾದರೆ ಮನೆತನದ ಚೌಕಳಿ ಬಂದದ್ದು ಯಾವಾಗ? 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಕ್ಲಾನ್‌ಗಳ ಮುಖ್ಯಸ್ಥರಿಗೆಲ್ಲ ನಿಮ್ಮ ಚೌಕಳಿಯ ಮಾದರಿ ಕಳಿಸಿ ಎಂದು ಕೇಳಿತು. ತಮ್ಮದು ಯಾವುದು ಎಂದು ಕೆಲವರಿಗೇ ಗೊತ್ತಿರಲಿಲ್ಲ. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಕಂಪನಿಯ ಬಳಿ ಮಾತ್ರ ಉತ್ತರ ಸಿದ್ಧವಿತ್ತು. 1819ರ ಅವರ ಮಾದರಿ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ವಿನ್ಯಾಸಗಳಿದ್ದವು, ಎಷ್ಟೋ ವಿನ್ಯಾಸಗಳಿಗೆ ಬರೀ ನಂಬರು. 1822ರ ಆಗಸ್ಟಿನಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದರು. ಲೇಖಕ ವಾಲ್ಟರ್ ಸ್ಕಾಟ್ ಸ್ವಾಗತದ ಏರ್ಪಾಡು ಮಾಡಿ, ಎಲ್ಲರೂ ಟಾರ್ಟನ್ ಉಟ್ಟು ಬನ್ನಿ ಎಂದರು. ಮಗ್ಗಗಳಿಗೆ ಬಿಡುವೇ ಇಲ್ಲದಂತಾಯಿತು.

ನನ್ನ ಮಫ್ಲರಿನ ಕಥೆಯೂ ಇಲ್ಲೇ ಸಿಕ್ಕಿತು. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರ ಒಂದು ಪ್ರಬಂಧದಲ್ಲಿ ಬರೆದಿರುವ ಪ್ರಕಾರ, ಮ್ಯಾಕ್‌ಫರ್ಸನ್ ಮುಖ್ಯಸ್ಥರಿಗೆ ಕೊಟ್ಟ ಚೌಕಳಿಗೆ ಮೊದಲು ಇದ್ದದ್ದು ಒಂದು ನಂಬರು. ಆಮೇಲೆ ಅದರ ಹೆಸರು ‘ಕಿಡ್’. ಕಿಡ್ ಎಂಬಾತ ವೆಸ್ಟ್ ಇಂಡೀಸಿನ ತನ್ನ ಗುಲಾಮರಿಗೆ ತೊಡಿಸಲು ಅದನ್ನು ಸಗಟಾಗಿ ಕೊಂಡಿದ್ದ. ‘ಮ್ಯಾಕ್‌ಫರ್ಸನ್’ ಎಂಬ ಹೆಸರು ಬಂದದ್ದು ಅದಾದ ಮೇಲೆ. ಇದನ್ನು ಓದಿದ ದಿನ ಮಫ್ಲರನ್ನು ಮಡಿಸಿ ಬೀರುವಿನಲ್ಲಿ ಇಟ್ಟುಬಿಟ್ಟೆ.

ಇನ್ನು ಶಜರಾ ಬರೆಯುವವರು ಅಲ್ಲೂ ಇದ್ದರು. ಸೊಬಿಯೆಸ್ಕಿ ಸ್ಟುವರ್ಟ್ ಎಂದು ಹೆಸರಿಟ್ಟುಕೊಂಡ ಇಬ್ಬರು ಅಣ್ಣತಮ್ಮಂದಿರು ತಾವು ರಾಜವಂಶದ ಕುಡಿಗಳು ಎಂದು ಹೇಳಿಕೊಂಡರು. ಹಳೆಯ ಹಸ್ತಪ್ರತಿಯಿಂದ ತೆಗೆದದ್ದು ಎಂದು 1842ರಲ್ಲಿ ಕ್ಲಾನ್‌ಗಳ ಟಾರ್ಟನ್ ಪುಸ್ತಕವನ್ನೂ ತಂದರು. ಅದು ಕಟ್ಟುಕಥೆ ಎಂದು ಆಮೇಲೆ ತಿಳಿಯಿತು. ಆದರೂ ಅದರೊಳಗಿನ ಎಷ್ಟೋ ಚೌಕಳಿಗಳನ್ನು ಜನ ಇಂದಿಗೂ ಹೆಮ್ಮೆಯಿಂದ ಉಡುತ್ತಾರೆ.

ಇಷ್ಟು ಹೇಳಿದಾಗ ನನ್ನ ಗೆಳೆಯನೊಬ್ಬ, “ಹಾಗಾದರೆ ಎಲ್ಲಾ ಡೂಪ್ಲಿಕೇಟ್, ಬಿಡು” ಎಂದ. ನಾನು ಒಪ್ಪುವುದಿಲ್ಲ. ಕಾಮರ್ಸ್ ವಿದ್ಯಾರ್ಥಿಯಾಗಿ ಕಾರಣ ಹೇಳುತ್ತೇನೆ. ಗುಡ್‌ವಿಲ್ ಪಾಠದಲ್ಲಿ ನಾವು ಕಲಿತದ್ದು ಏನು? ನನ್ನ ಅಂಗಡಿಗೆ ಬಹಳ ಹೆಸರಿದೆ ಎಂದು ನಾನೇ ಒಂದು ಮೊತ್ತ ಬರೆದುಕೊಂಡರೆ ಲೆಕ್ಕದ ಪುಸ್ತಕ ಅದನ್ನು ಒಪ್ಪುವುದಿಲ್ಲ. ಬೆಲೆ ಕೊಟ್ಟು ಪಡೆದ ಗುಡ್‌ವಿಲ್ ಮಾತ್ರ ಆಸ್ತಿಯ ಕಡೆ ಬರುತ್ತದೆ.

ಟಾರ್ಟನ್‌ಗೆ ಬೆಲೆ ಕೊಟ್ಟವರು ಇದ್ದಾರೆ. ಕಲೋಡನ್ ಸೋಲಿನ ನಂತರ ಬಂದ ಕಾನೂನು, ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಮತ್ತು ಹುಡುಗರು ಹೈಲ್ಯಾಂಡ್ ಉಡುಪು ತೊಡಬಾರದು ಎಂದಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು. ಎರಡನೇ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು. 1747ರಲ್ಲಿ ಜಾರಿಯಾದದ್ದು 1782ರವರೆಗೆ ಇತ್ತು. ಮ್ಯಾಕ್‌ಗ್ರೆಗರ್ ಕ್ಲಾನಿಗಂತೂ ಹೆಸರಿನ ಮೇಲೆಯೇ ನಿಷೇಧ. 1603ರಲ್ಲಿ ಬಂದದ್ದು ನಡುವೆ ಕೆಲಕಾಲ ಸಡಿಲವಾದರೂ ಪೂರ್ತಿ ಹೋದದ್ದು 1774ರಲ್ಲಿ. ತಮ್ಮ ಅಪ್ಪನ ಹೆಸರು ಹೇಳಲಾಗದೆ ಬೇರೆ ಹೆಸರಿನಲ್ಲಿ ಬದುಕಿದವರ ಮೊಮ್ಮಕ್ಕಳು ಇಂದು ಒಂದು ಚೌಕಳಿಯನ್ನು ‘ನಮ್ಮದು’ ಎಂದರೆ, ಅದು 200 ವರ್ಷದ್ದೋ 500 ವರ್ಷದ್ದೋ ಎಂದು ನಗಾಡಲು ನನಗೆ ಬಾಯಿ ಬರುವುದಿಲ್ಲ.

ಬೆಲೆ ಕೊಡದೆ ಹೆಸರು ಮಾತ್ರ ಪಡೆದವರೂ ಇದ್ದಾರೆ. ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು. ಗ್ಲೆನ್‌ಗ್ಯಾರಿಯ ಮುಖ್ಯಸ್ಥ ಅಲೆಕ್ಸಾಂಡರ್ ಮ್ಯಾಕ್‌ಡೊನೆಲ್ ತಲೆಯಿಂದ ಕಾಲಿನವರೆಗೆ ಹೈಲ್ಯಾಂಡ್ ವೇಷ ತೊಟ್ಟು ರೇಬರ್ನ್ ಎಂಬ ಕಲಾವಿದರಿಂದ ಚಿತ್ರ ಬರೆಸಿಕೊಂಡರು, ‘ನಿಜವಾದ ಹೈಲ್ಯಾಂಡರ’ರ ಸಂಘವನ್ನೂ ಕಟ್ಟಿದರು. ಅದೇ ಮನುಷ್ಯ ಕುರಿ ಸಾಕಣೆಯ ಲಾಭಕ್ಕಾಗಿ ತಮ್ಮ ಒಕ್ಕಲುಗಳನ್ನು ಜಮೀನಿನಿಂದ ಎಬ್ಬಿಸಿದರು. ಆ ಕಡೆಯ ಎಷ್ಟೋ ಕುಟುಂಬಗಳು ಕೆನಡಾಕ್ಕೆ ಹಡಗು ಹತ್ತಿದವು. ಅವರು ನೆಲೆಸಿದ ಒಂಟಾರಿಯೊದ ಪ್ರದೇಶಕ್ಕೂ ಗ್ಲೆನ್‌ಗ್ಯಾರಿ ಎಂದೇ ಹೆಸರು. ಖಾಂದಾನ್ ಉಳಿದದ್ದು ಮುಖ್ಯಸ್ಥನ ವೇಷದಲ್ಲೋ, ಹಡಗು ಹತ್ತಿದವರ ನೆನಪಿನಲ್ಲೋ? ನೀವೇ ಹೇಳಿ.

ಹಾಗೆಂದು, “ಹಳೆಯದನ್ನು ಕೆದಕಬೇಡಿ, ಹೆಮ್ಮೆ ಇದ್ದರೆ ಸಾಕು” ಎನ್ನುವವರ ಜೊತೆಗೂ ನಾನಿಲ್ಲ. ಕೆದಕದೇ ಇದ್ದರೆ ಕಿಡ್‌ನ ಗುಲಾಮರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಈ ವಿಷಯದಲ್ಲಿ ಸ್ಕಾಟ್ಲೆಂಡ್ ಒಂದು ಒಳ್ಳೆಯ ಕೆಲಸ ಮಾಡಿದೆ. 2008ರಲ್ಲಿ ಕಾನೂನು ಮಾಡಿ, 2009ರಿಂದ ಟಾರ್ಟನ್‌ಗಳಿಗೆ ಸರ್ಕಾರಿ ರಿಜಿಸ್ಟರ್ ತೆರೆಯಿತು. ಯಾರು ಬೇಕಾದರೂ ಶುಲ್ಕ ಕಟ್ಟಿ ಹೊಸ ಚೌಕಳಿ ದಾಖಲಿಸಬಹುದು, ಆದರೆ ಜೊತೆಗೆ ತಾರೀಖು ಇರುತ್ತದೆ. 2012ರಲ್ಲಿ ಅಲ್ಲಿನ ಮುಸ್ಲಿಮರಿಗಾಗಿಯೂ ಒಂದು ಟಾರ್ಟನ್ ಬಂತು. ಸ್ಕಾಟ್ಲೆಂಡಿನ ಬಾವುಟದ ನೀಲಿ, ಇಸ್ಲಾಮಿನ ಹಸಿರು, ಐದು ಸ್ತಂಭಗಳಿಗೆ ಐದು ಬಿಳಿ ಗೆರೆ. ಅದು ನಮ್ಮ ಪೂರ್ವಜರು ಉಟ್ಟದ್ದು ಎಂದು ಯಾರೂ ಸುಳ್ಳು ಹೇಳಬೇಕಾಗಿಲ್ಲ. ಇಂದು ಶುರುವಾಯಿತು ಎಂದು ಒಪ್ಪಿಕೊಂಡೇ ಅದನ್ನು ಹೆಗಲ ಮೇಲೆ ಹಾಕಿಕೊಳ್ಳಬಹುದು.

ನಮ್ಮ ಮನೆಗೂ ನನಗೆ ಅದೇ ದಾರಿ ಸರಿ ಅನಿಸಿತು. ಒಂದು ಉದ್ದ ಹಾಳೆಯಲ್ಲಿ ದಾದಾ ಅವರ ಹೆಸರು, ಅವರ ಅಪ್ಪನ ಹೆಸರು ಬರೆದೆ. ಹೆಸರಿನ ಮುಂದೆ ‘ರಂಗ್ರೇಜ್, ನೂಲಿಗೆ ಬಣ್ಣ ಹಾಕುತ್ತಿದ್ದರು’ ಎಂದು ಬರೆದೆ. ಯಾವ ಬಣ್ಣ ಎಷ್ಟು ಹೊತ್ತು ಕುದಿಸಬೇಕು ಎಂದು ದಾದಿ ಹೇಳುತ್ತಾ ಹೋದರು, ಅದನ್ನೂ ಬರೆದೆ. ಮೇಲೆ ಉಳಿದ ಜಾಗವನ್ನು ಖಾಲಿ ಬಿಟ್ಟೆ. ಕೆಳಗೆ ಇವತ್ತಿನ ತಾರೀಖು ಹಾಕಿದೆ. ಅಬ್ಬಾ ಎರಡು ಸಲ ಓದಿ, ರಿಷ್ತಾದವರಿಗೆ ಇದನ್ನೇ ಕೊಡೋಣ ಎಂದರು.

ಅವರಿಂದ ಇನ್ನೂ ಉತ್ತರ ಬಂದಿಲ್ಲ. ಮಫ್ಲರನ್ನು ಬೀರುವಿನಿಂದ ಹೊರಗೆ ತೆಗೆದಿದ್ದೇನೆ. ಯಾರಾದರೂ ಕೇಳಿದರೆ ಕಿಡ್‌ನ ಕಥೆಯನ್ನೂ ಸೇರಿಸಿಯೇ ಹೇಳುತ್ತೇನೆ.